ಕೆರೆಬದಿ ಬಂಗಲೆಯ ಅನುಮಾನದ ಅತಿಥಿಗಳು

ನಮ್ಮ ಬಂಗಲೆಗೆ ಬರುವ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಒಳ್ಳೆಯವರು. ಆದರೆ ಆ ಒಂಬತ್ತು ಮಂದಿ ಯಾರು ಅಂತ ಗೊತ್ತಾಗುವುದು ಅವರು ಹೋದ ಮೇಲೆ. ಇರುವಷ್ಟು ದಿನ ಹತ್ತು ಮಂದಿಯ ಮೇಲೂ ಒಂದು ಕಣ್ಣು ಇಡದೆ ನನಗೆ ಬೇರೆ ದಾರಿಯಿಲ್ಲ. ಹಾಗೆ ಕಣ್ಣು ಇಟ್ಟಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ.

ತಪ್ಪು ಪೂರ್ತಿ ನನ್ನದಲ್ಲ. ವಿದ್ಯಾನಗರದ ಒಂದು ಕಚೇರಿಯಲ್ಲಿ ಮೂವತ್ತೊಂದು ವರ್ಷ ಅರ್ಜಿಗಳನ್ನು ಪರಿಶೀಲಿಸಿ ನಿವೃತ್ತಳಾದವಳು ನಾನು. ಅರ್ಜಿಯಲ್ಲಿ ಇರುವ ಮನುಷ್ಯ ಒಬ್ಬ, ಮೇಜಿನ ಎದುರು ನಿಂತವನು ಇನ್ನೊಬ್ಬ ಅಂತ ತಿಳಿಯಲಿಕ್ಕೆ ನನಗೆ ಮೊದಲ ಆರು ತಿಂಗಳೇ ಸಾಕಾಗಿತ್ತು. ಉಳಿದ ಮೂವತ್ತೂವರೆ ವರ್ಷ ಅದನ್ನೇ ಅಭ್ಯಾಸ ಮಾಡಿದೆ.

ಬಂಗಲೆ ಶಿರಿಯದಿಂದ ಸ್ವಲ್ಪ ಒಳಗೆ, ಒಂದು ದೊಡ್ಡ ಕೆರೆಯ ದಂಡೆಯಲ್ಲಿ ಉಂಟು. ನನ್ನ ಗಂಡನ ಅಜ್ಜ ಕಟ್ಟಿಸಿದ್ದು. ಅಜ್ಜನಿಗೆ ನಾಟಕದ ಹುಚ್ಚು. ಊರೂರು ತಿರುಗುವ ಒಂದು ನಾಟಕ ಕಂಪನಿ ಒಂದು ಮಳೆಗಾಲ ಹೊಳೆ ದಾಟಲಾಗದೆ ಇಲ್ಲೇ ಉಳಿಯಿತಂತೆ. ಆ ಕಂಪನಿಯಲ್ಲಿ ಪರದೆ ಬರೆಯುವ ಚಿತ್ರಗಾರನೊಬ್ಬನಿದ್ದ. ಅವನ ಕೈ ಸುಮ್ಮನಿರಲಿಲ್ಲ. ಒಂದು ಕೋಣೆಯ ಗೋಡೆಯಲ್ಲಿ ಅರಮನೆ ಬರೆದ, ಒಂದರಲ್ಲಿ ಕಾಡು ಬರೆದ, ಜಗಲಿಯ ಗೋಡೆಯಲ್ಲಿ ಎದುರಿನ ಕೆರೆಯನ್ನೇ ಬರೆದ. ಮೂರನೆಯ ಕೋಣೆಗೆ ಕೈ ಹಾಕಬೇಕು ಅನ್ನುವಾಗ ಮಳೆ ಬಿಟ್ಟಿತು, ಕಂಪನಿ ಹೊರಟಿತು. ಆ ಕೋಣೆಗೆ ಇವತ್ತಿಗೂ ಬರೀ ಸುಣ್ಣ.

ನನ್ನ ಗಂಡ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ಟ್ರು ಆಗಿದ್ದವರು. ಊರಿಗೆಲ್ಲ ಮಾಸ್ಟ್ರು, ಕ್ರಮೇಣ ನನಗೂ ಮಾಸ್ಟ್ರೇ. ಇಬ್ಬರೂ ನಿವೃತ್ತರಾದ ಮೇಲೆ ಅವರೇ ಚಂದದ ಅಕ್ಷರದಲ್ಲಿ "ಬೆಡ್ ಅಂಡ್ ಬ್ರೇಕ್‌ಫಾಸ್ಟ್" ಅಂತ ಬೋರ್ಡು ಬರೆದು ಗೇಟಿಗೆ ತೂಗುಹಾಕಿದರು. ಬೆಡ್ ನಮ್ಮದು. ಬ್ರೇಕ್‌ಫಾಸ್ಟ್ ಐಸಮ್ಮನದ್ದು. ಕೆರೆಯ ಆಚೆ ದಂಡೆಯ ಬ್ಯಾರಿ ಹೆಂಗಸು ಅವಳು. ಅವಳು ಅಕ್ಕಿಹಿಟ್ಟಿನಲ್ಲಿ ತಟ್ಟಿದ ತೆಳು ಪತ್ತಿರಿ ತಿಂದವರು ನನ್ನ ಮುಖ ಮರೆತರೂ ಅವಳನ್ನು ಮರೆಯುವುದಿಲ್ಲ.

ಬೋರ್ಡು ಹಾಕಿದ ಮರುದಿನವೇ ನೆರೆಮನೆಯ ಹಿರಿಯರೊಬ್ಬರು ಬೆಳಿಗ್ಗೆ ಏಳೂವರೆಗೆ ಬಂದು ಜಗಲಿಯಲ್ಲಿ ಕೂತು, "ನನಗೆ ಬೆಡ್ ಬೇಡ, ಮನೆಯಲ್ಲಿ ಉಂಟು. ಇನ್ನೊಂದು ಮಾತ್ರ ಸಾಕು" ಅಂದಿದ್ದರು. ಹೀಗೆ ಶುರುವಾಯಿತು ನಮ್ಮ ವ್ಯವಹಾರ.

೧. ಹುಲಿಯ ಕಣ್ಣು

ಒಮ್ಮೆ ಲ್ಯಾಪ್‌ಟಾಪ್ ಹಿಡಿದುಕೊಂಡು ಒಬ್ಬಳೇ ಒಬ್ಬ ಹೆಂಗಸು ಬಂದಳು. ವಯಸ್ಸು ಮೂವತ್ತರ ಆಸುಪಾಸು. ಪೆಟ್ಟಿಗೆ ಒಂದು, ಅದಕ್ಕೆ ಬೀಗ ಎರಡು. ಅಷ್ಟು ಸಾಕಾಯಿತು ನನಗೆ.

"ಒಂದು ಪೆಟ್ಟಿಗೆಗೆ ಎರಡು ಬೀಗ ಯಾಕೆ?" ಅಂತ ಮಾಸ್ಟ್ರ ಹತ್ತಿರ ಕೇಳಿದೆ.

"ನಿನ್ನಂಥವಳು ಎಲ್ಲಿಯಾದರೂ ಇರುತ್ತಾಳೆ ಅಂತ" ಅಂದರು.

ಅವಳಿಗೆ ಕಾಡಿನ ಕೋಣೆ ಕೊಟ್ಟೆವು. ಗೋಡೆ ತುಂಬ ಮರ, ಬಳ್ಳಿ, ನಡುವಿನಲ್ಲಿ ಮಂಚದ ನೇರಕ್ಕೆ ಒಂದು ಹುಲಿ. ಮಧ್ಯಾಹ್ನ ಊಟ ಮುಗಿಸಿ ನಾನು ಪಾತ್ರೆ ಒರೆಸುತ್ತಿದ್ದೆ. ಅವಳು ಅಡುಗೆಮನೆಯ ಬಾಗಿಲಿಗೆ ಬಂದು ಮೆಲ್ಲನೆ, "ಆಂಟೀ, ನಿಮ್ಮ ಹುಲಿ ನನ್ನನ್ನೇ ನೋಡ್ತಾ ಇದೆ" ಅಂದಳು.

"ಚಿತ್ರದ ಹುಲಿ ಅಲ್ವಾ? ಅದು ಎಲ್ಲರನ್ನೂ ನೋಡ್ತದೆ."

"ಅದಲ್ಲ. ಅದರ ಬಲಗಣ್ಣು ಮಿಂಚುತ್ತೆ. ಕಿಟಕಿ ಮುಚ್ಚಿ, ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಒಳಗಡೆ ಕ್ಯಾಮೆರಾ ಇದೆ."

ಅಷ್ಟು ಹೊತ್ತು ನಾನು ಅವಳನ್ನು ನೋಡುತ್ತಿದ್ದ ದೃಷ್ಟಿಯಲ್ಲೇ ಅವಳು ನನ್ನನ್ನು ನೋಡುತ್ತಿದ್ದಳು. ಕೋಣೆಗೆ ಹೋದರೆ ಹುಲಿಯ ತಲೆಯ ಮೇಲೆ, ಗೋಡೆಯ ಮೊಳೆಗೆ ಸಿಕ್ಕಿಸಿದ ನಮ್ಮದೇ ಸ್ನಾನದ ಟವಲ್. ಸ್ನಾನ ಮುಗಿಸಿ ಬಂದ ಯಜಮಾನನ ಹಾಗೆ ಕಾಣುತ್ತಿತ್ತು.

ಮಾಸ್ಟ್ರಿಗೆ ತಡೆಯಲಾಗದ ಅವಮಾನ. "ಇದು ನಮ್ಮ ಅಜ್ಜನ ಕಾಲದ ಹುಲಿ. ಆಗ ಊರಿಗೆ ಕರೆಂಟೇ ಬಂದಿರಲಿಲ್ಲ. ಕ್ಯಾಮೆರಾ ಎಲ್ಲಿಂದ ಬರ್ತದೆ?"

"ಹುಲಿ ಹಳೇದು ಅಂಕಲ್. ಕಣ್ಣು ಹಳೇದು ಅಂತ ಏನು ಗ್ಯಾರಂಟಿ?"

ಪ್ರಶ್ನೆ ಸರಿಯಾಗಿತ್ತು. ಮೂವತ್ತೈದು ವರ್ಷ ಸಂಸಾರ ಮಾಡಿದ ಗಂಡನನ್ನು ಆ ಒಂದು ಗಳಿಗೆ ನಾನೂ ಓರೆಗಣ್ಣಿನಿಂದ ನೋಡಿದೆ ಅಂತ ಇಲ್ಲಿ ಒಪ್ಪಿಕೊಳ್ಳಬೇಕು. ಅವರು ಅದನ್ನು ಕಂಡರು. ಸ್ಟೂಲು ಹತ್ತಿ, ಬಣ್ಣ ಕೆರೆಯುವ ಚೂರಿಯಿಂದ ಹುಲಿಯ ಕಣ್ಣಿನ ಸುತ್ತ ಕೆರೆದರು. ಟಪ್ ಅಂತ ಕಣ್ಣು ಕೆಳಗೆ ಬಿತ್ತು, ಉರುಳಿಕೊಂಡು ಮಂಚದ ಅಡಿಗೆ ಹೋಯಿತು. ಮೂವರೂ ಮೊಣಕಾಲೂರಿ ಹುಡುಕಿದೆವು. ಸಿಕ್ಕಿದ್ದು ಸೋಡಾ ಬಾಟ್ಲಿಯ ಒಂದು ಗೋಲಿ. ಆ ಚಿತ್ರಗಾರ ಹುಲಿಗೆ ಹೊಳಪು ಬರಲಿ ಅಂತ ಗಾರೆ ಹಸಿಯಿರುವಾಗಲೇ ಕೂರಿಸಿದ್ದಿರಬೇಕು. ಇನ್ನೊಂದು ಕಣ್ಣಿಗೆ ಇಡಲು ಅವನಿಗೆ ಎರಡನೆಯ ಸೋಡಾ ಯಾರೂ ಕುಡಿಸಲಿಲ್ಲವೋ ಏನೋ.

ಅವಳು ಗೋಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಪಾಪ, ಕೈಮುಗಿದು ಕ್ಷಮೆ ಕೇಳಿದಳು. ಮಾಸ್ಟ್ರು ಗೋಲಿಯನ್ನು ಮತ್ತೆ ಕೂರಿಸಲು ನೋಡಿದರೆ ಅದು ನಿಲ್ಲಲಿಲ್ಲ. ತೂತಿಗೆ ಸಿಮೆಂಟು ಮೆತ್ತಿ, ಸದ್ಯಕ್ಕೆ ಇರಲಿ ಅಂತ ಮೇಲಿನಿಂದ ಹಳದಿ ಬಣ್ಣ ಬಳಿದರು.

ಅರ್ಧ ಗಂಟೆ ಆಗಿಲ್ಲ, ಅವಳು ಪೆಟ್ಟಿಗೆ ಎಳೆದುಕೊಂಡು ಮತ್ತೆ ಅಡುಗೆಮನೆಯ ಬಾಗಿಲಲ್ಲಿ.

"ಆಂಟೀ, ನನಗೆ ಬೇರೆ ರೂಮ್ ಕೊಡಿ. ಮೊದಲು ಬರೀ ನೋಡ್ತಾ ಇತ್ತು. ಈಗ ಕಣ್ಣು ಹೊಡೀತಾ ಇದೆ."

೨. ಮನೆಯ ವಯಸ್ಸು

ಇತಿಹಾಸ ಕಲಿಸಿ ನಿವೃತ್ತರಾದ ಪ್ರೊಫೆಸರರೊಬ್ಬರು ಒಂದು ದಿನಕ್ಕೆ ಅಂತ ಬಂದರು. ಕಿಸೆಯಲ್ಲಿ ನೋಟ್‌ಬುಕ್ಕು, ಕಿವಿಯ ಮೇಲೆ ಪೆನ್ಸಿಲು. ಇಂಥವರು ಪ್ರಶ್ನೆ ಕೇಳುವಾಗ ನಮ್ಮ ಮುಖ ನೋಡುವುದಿಲ್ಲ, ನೋಟ್‌ಬುಕ್ಕು ನೋಡುತ್ತಾರೆ. ಅದು ನನಗೆ ಗೊತ್ತಿರುವ ವಿದ್ಯೆ. ಆದ್ದರಿಂದ ಅವರು ಎಲ್ಲಿ ಹೋದರೂ ಹಿಂದಿನಿಂದ ಹೋದೆ. ಆದರೂ ಬೆಳಗಿನ ತಿಂಡಿಯ ಹೊತ್ತಿಗೆ ನನ್ನ ಕಣ್ಣು ತಪ್ಪಿತು.

"ಈ ಮನೆ ಕಟ್ಟಿ ಎಷ್ಟು ವರ್ಷ ಆಗಿರಬಹುದಮ್ಮ?" ಅಂತ ಐಸಮ್ಮನನ್ನು ಕೇಳಿದರಂತೆ.

"ಇನ್ನೂರು ಉಂಟು ಸಾರ್. ನನ್ನ ಉಮ್ಮನ ಉಮ್ಮ ಹೇಳಿದ್ದು."

ಊಟದ ಹೊತ್ತಿಗೆ ಮಾಸ್ಟ್ರನ್ನು ಕೇಳಿದರು. ಮಾಸ್ಟ್ರು ಎದೆ ಮುಂದೆ ಮಾಡಿ, "ನೂರಾ ಇಪ್ಪತ್ತಕ್ಕೆ ಕಡಿಮೆ ಇಲ್ಲ" ಅಂದರು.

ಸಂಜೆ ಚಹಾ ಕೊಡುವಾಗ ನನ್ನನ್ನು ಕೇಳಿದರು. ಕೈಯಲ್ಲಿ ದಾಖಲೆ ಇಲ್ಲದೆ ಬಾಯಿ ತೆರೆಯುವ ಅಭ್ಯಾಸ ನನಗಿಲ್ಲ. ಕಪಾಟಿನಿಂದ ಪಂಚಾಯತಿನ ಹಳೆಯ ಕಾಗದ ತಂದು ಬಿಡಿಸಿಟ್ಟು, "ಎಂಬತ್ತೆಂಟು" ಅಂದೆ. ಮಾಸ್ಟ್ರು ಆಚೆ ಮುಖ ತಿರುಗಿಸಿ ಕೂತರು. ಐಸಮ್ಮ ಬಾಗಿಲ ಮರೆಯಿಂದ, "ಕಾಗದ ಬರೆದವ ಆಗ ಹುಟ್ಟಿದ್ದನಾ?" ಅಂತ ಕೇಳಿದಳು.

ಪ್ರೊಫೆಸರರು ಮೂವರ ಮುಖವನ್ನೂ ಮೊದಲ ಸಲ ನೋಡಿದರು. ನಾವು ಮೂವರೂ ಸೇರಿ ಅವರಿಗೆ ಏನೋ ಮೋಸ ಮಾಡುತ್ತಿದ್ದೇವೆ ಅನ್ನುವ ಹಾಗಿತ್ತು ಆ ನೋಟ. ಮರುದಿನ ಹೊರಡುವಾಗ ಅತಿಥಿಗಳ ಪುಸ್ತಕದಲ್ಲಿ ಒಳ್ಳೆ ಅಕ್ಷರದಲ್ಲಿ ಬರೆದರು:

"ಬೆಳಗಿನ ತಿಂಡಿಗೆ ಇನ್ನೂರು ವರ್ಷವಾಗಿದ್ದ ಮನೆ ಸಂಜೆಯ ಚಹಾಕ್ಕಾಗುವಾಗ ಎಂಬತ್ತೆಂಟಕ್ಕೆ ಇಳಿಯಿತು. ಇಲ್ಲಿನ ಗಾಳಿ ಆರೋಗ್ಯಕ್ಕೆ ಬಹಳ ಒಳ್ಳೆಯದು. ಇನ್ನೆರಡು ದಿನ ಉಳಿದರೆ ನಾನೂ ಪುನಃ ಕಾಲೇಜಿಗೆ ಸೇರಬಹುದು."

೩. ಮೋಡ ಬರೆದವರು

ಜಗಲಿಯ ಗೋಡೆಯ ಕೆರೆಯ ಚಿತ್ರದ ಕಥೆ ಸ್ವಲ್ಪ ಬೇರೆ. ನಮ್ಮ ಮದುವೆಯಾದ ಹೊಸತರಲ್ಲಿ ಮಾಡಿನ ಹೆಂಚು ಜಾರಿ, ನೀರು ಇಳಿದು, ಮುಕ್ಕಾಲು ಚಿತ್ರ ಅಳಿಸಿ ಹೋಗಿತ್ತು. ಅಳಿಸಿ ಹೋದದ್ದನ್ನು ಮಾಸ್ಟ್ರೇ ಬರೆದರು. ಕೆರೆ ಅವರದ್ದು, ಕೆರೆಯಲ್ಲಿರುವ ದೋಣಿ ಅವರದ್ದು, ದೋಣಿಯಲ್ಲಿ ಕೊಡೆ ಹಿಡಿದು ಕೂತ ಹೆಂಗಸು ನಾನಂತೆ. ನನ್ನ ಮೂಗು ಹಾಗಿಲ್ಲ. ಅದು ಇರಲಿ.

ಕೊಚ್ಚಿಯ ಕಡೆಯಿಂದ ಗಡ್ಡದವರೊಬ್ಬರು ಬಂದರು. ಹಳೆಯ ಚಿತ್ರಗಳ ವಿಷಯದಲ್ಲಿ ದೊಡ್ಡ ಪರಿಣತರಂತೆ. ಚಹಾ ಕುಡಿಯುವ ಮೊದಲೇ ಭೂತಗನ್ನಡಿ ತೆಗೆದು ಗೋಡೆಯ ಮುಂದೆ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಉಗುರಿನಿಂದ ಒಂದು ಮೂಲೆ ಕೆರೆದರು. ಗೋಡೆಯ ಚಿತ್ರವನ್ನು ಬಟ್ಟೆ ಅಂಟಿಸಿ ಎಬ್ಬಿಸಿಕೊಂಡು ಹೋಗುವವರು ಇದ್ದಾರೆ ಅಂತ ಎಲ್ಲೋ ಓದಿದ್ದೆ. ಅವರ ಹೆಗಲಲ್ಲಿ ಬಟ್ಟೆಯ ಚೀಲವೂ ಇತ್ತು. ಬೀನ್ಸ್ ಮತ್ತು ಚೂರಿ ತಂದು ಜಗಲಿಯಲ್ಲೇ ಕೂತು ಹೆಚ್ಚತೊಡಗಿದೆ. ಬೀನ್ಸ್ ಮುಗಿಯಿತು. ಅವರು ಕದಲಲಿಲ್ಲ. ಒಳಗೆ ಹೋಗಿ ಸೌತೆಕಾಯಿ ತಂದೆ.

ಮಾಸ್ಟ್ರು ಬಂದು ಏನೂ ಗೊತ್ತಿಲ್ಲದವರ ಹಾಗೆ ಅವರ ಬದಿಯಲ್ಲಿ ನಿಂತರು. ಹೊಗಳಿಕೆ ಬಂದರೆ ಹಿಡಿಯಲು ಅನುಕೂಲವಾಗಲಿ ಅಂತ.

"ಈ ಕೆರೆ ಸಾಧಾರಣ" ಅಂದರು ಗಡ್ಡದವರು.

ಮಾಸ್ಟ್ರು ಗಂಟಲು ಸರಿಮಾಡಿಕೊಂಡರು.

"ಈ ದೋಣಿಯನ್ನು ಯಾರೋ ಶಾಲೆಯ ಮಕ್ಕಳ ಹತ್ತಿರ ಬರೆಸಿದ್ದಾರೆ. ಈ ಹೆಂಗಸಿಗೆ ಕತ್ತು ಇಲ್ಲ."

ನಾನು ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಿದೆ. ಅವರ ಮೇಲೆ ಇದ್ದ ಅನುಮಾನ ಸ್ವಲ್ಪ ಕಡಿಮೆಯಾಯಿತು. ಮನುಷ್ಯನಿಗೆ ನಿಜವಾಗಿಯೂ ಕಣ್ಣು ಉಂಟು ಅನ್ನಿಸಿತು.

"ಆದರೆ ಈ ಮೋಡ!" ಅಂತ ಅವರು ಎರಡು ಹೆಜ್ಜೆ ಹಿಂದೆ ಸರಿದು ಕೈ ಎತ್ತಿದರು. "ಎಡಗಡೆ ಮೇಲೆ, ಈ ಬೂದು ಮೋಡ ನೋಡಿ. ಅಂಚು ಎಲ್ಲಿ ಮುಗಿಯುತ್ತದೆ ಅಂತ ಗೊತ್ತೇ ಆಗುವುದಿಲ್ಲ. ಇದನ್ನು ಬರೆದವನು ಬೇರೆ. ಇವನಿಗೆ ಗುರುವಿಲ್ಲ, ಹೆದರಿಕೆ ಇಲ್ಲ, ಯಾರೂ ನೋಡಬೇಕು ಅಂತ ಆಸೆಯೂ ಇಲ್ಲ."

ಮಾಸ್ಟ್ರ ಮುಖ ಆ ಮೋಡದ ಬಣ್ಣಕ್ಕೆ ತಿರುಗಿತ್ತು.

"ಇದನ್ನು ಬರೆದವರ ಹೆಸರು ಗೊತ್ತುಂಟಾ? ಈಗ ಇದ್ದಾರಾ?"

"ಇದ್ದಾರೆ" ಅಂದರು ಮಾಸ್ಟ್ರು. "ಪ್ರತಿ ಜೂನಿನಲ್ಲಿ ಬರ್ತಾರೆ. ಹೆಂಚಿನ ಸಂದಿಯಿಂದ."

ಮಾಡು ಸೋರುವುದನ್ನು ನಿಲ್ಲಿಸಿ ಅಂತ ನಾನು ಹೇಳತೊಡಗಿ ಮೂರು ವರ್ಷ ಆಗಿತ್ತು. ಮರುದಿನ ಬೆಳಿಗ್ಗೆ ಎದ್ದು ನೋಡುವಾಗ ಹೆಂಚಿನ ಕೆಲಸದವನು ಮಾಡಿನ ಮೇಲೆ ಇದ್ದ. ಹೆಂಡತಿಯ ಮಾತಿಗೆ ಆಗದ ಕೆಲಸ ಹೊಟ್ಟೆಕಿಚ್ಚಿಗೆ ಒಂದೇ ದಿನದಲ್ಲಿ ಆಯಿತು.

೪. ಬೈನಾಕ್ಯುಲರ್

ಟೋಪಿ ಹಾಕಿದ ಒಬ್ಬ ಐವತ್ತರ ಮನುಷ್ಯ ಎರಡು ದಿನ ನಮ್ಮಲ್ಲಿ ಇದ್ದ. ಮಾತು ಕಡಿಮೆ. ಬೆಳಿಗ್ಗೆ ಎದ್ದ ಕೂಡಲೇ ನಮ್ಮ ದಾಸವಾಳದ ಗಿಡದ ಮರೆಯಲ್ಲಿ ಕುರ್ಚಿ ಹಾಕಿ ಕೂತು, ಕಣ್ಣಿಗೆ ದೊಡ್ಡ ಬೈನಾಕ್ಯುಲರ್ ಇಟ್ಟುಕೊಳ್ಳುತ್ತಿದ್ದ. ನೋಟ ಯಾವಾಗಲೂ ಒಂದೇ ಕಡೆಗೆ. ಆಚೆ ದಂಡೆಗೆ. ಆಚೆ ದಂಡೆಯಲ್ಲಿ ಎಂತ ಉಂಟು? ಬಟ್ಟೆ ಒಗೆಯುವ ಕಲ್ಲುಗಳು. ಬೆಳಿಗ್ಗೆ ಅಲ್ಲಿ ಯಾರಿರುತ್ತಾರೆ? ಹೆಂಗಸರು.

"ಹಕ್ಕಿ ನೋಡುವವನಿರಬಹುದು" ಅಂದರು ಮಾಸ್ಟ್ರು.

"ಹಕ್ಕಿ ಇರುವುದು ಮರದ ಮೇಲೆ. ಇವ ನೋಡುವುದು ಕಲ್ಲಿನ ಕಡೆಗೆ. ಮಧ್ಯದಲ್ಲಿ ಒಮ್ಮೊಮ್ಮೆ ನಗುತ್ತಾನೆ ಬೇರೆ."

ಎರಡನೆಯ ದಿನ ಬೆಳಿಗ್ಗೆ ಐಸಮ್ಮನಿಗೆ ಹೇಳಿದೆ. ಅವಳ ನಾದಿನಿ ದಿನಾ ಅಲ್ಲಿಯೇ ಒಗೆಯುವವಳು. ಐಸಮ್ಮ ಕಾವಲಿಯ ಮೇಲಿದ್ದ ದೋಸೆಯನ್ನು ಮಗುಚುವ ಮೊದಲು ಫೋನ್ ಮಾಡಿದಳು. ಹತ್ತೇ ನಿಮಿಷ. ಕೆರೆಗೆ ಅರ್ಧ ಸುತ್ತು ಹಾಕಿ ಐದು ಮಂದಿ ಹೆಂಗಸರು ನಮ್ಮ ಅಂಗಳದಲ್ಲಿ. ಎಲ್ಲರಿಗಿಂತ ಮುಂದೆ ಅರುವತ್ತು ದಾಟಿದ ಒಬ್ಬರು, ಕೈಯಲ್ಲಿ ಇನ್ನೂ ನೀರು ತೊಟ್ಟಿಕ್ಕುವ ಬಕೆಟು.

ಆ ಮನುಷ್ಯನಿಗೆ ಹೆದರಿಕೆಯೇ ಆಗಲಿಲ್ಲ. ಬದಲಿಗೆ ಅವನಿಗೆ ಆದ ಸಂತೋಷ ಹೇಳತೀರದು. "ನೀವೂ ನೋಡಲು ಬಂದಿರಾ? ಬನ್ನಿ, ಬನ್ನಿ, ಸದ್ದು ಮಾಡಬೇಡಿ" ಅಂತ ಪಿಸುಮಾತಿನಲ್ಲಿ ಕರೆದು, ಬೈನಾಕ್ಯುಲರನ್ನು ಆ ಹಿರಿಯ ಹೆಂಗಸಿನ ಕೈಗೇ ಕೊಟ್ಟ. ಅವರು ಬಕೆಟು ಕೆಳಗಿಟ್ಟು ಕಣ್ಣಿಗೆ ಇಟ್ಟುಕೊಂಡರು. ಒಗೆಯುವ ಕಲ್ಲಿನ ಬುಡದಲ್ಲಿ, ಹುಲ್ಲಿನ ಎಡೆಯಲ್ಲಿ, ನೇರಳೆ ಮೈ ಕೆಂಪು ಕೊಕ್ಕಿನ ಒಂದು ನೀರುಕೋಳಿ ನಾಲ್ಕು ಮರಿ ಕಟ್ಟಿಕೊಂಡು ಓಡಾಡುತ್ತಿತ್ತು.

"ಇದನ್ನಾ ನೀನು ನೋಡ್ತಾ ಇದ್ದದ್ದು?"

"ಹೌದಮ್ಮ. ಎರಡು ದಿನದಿಂದ. ಬೇರೆ ಯಾವ ಕಡೆಗೂ ಕಣ್ಣು ಹೋಗಲಿಲ್ಲ ನೋಡಿ!"

ಐದೂ ಜನ ಮುಖ ಮುಖ ನೋಡಿಕೊಂಡರು. ಬರುವಾಗ ಇದ್ದದ್ದಕ್ಕಿಂತ ಹೆಚ್ಚು ಸಿಟ್ಟು ಈಗ ಬಂದಿತ್ತು. ಹಿರಿಯವರು ಬಕೆಟು ಎತ್ತಿಕೊಂಡರು.

"ಐದು ಮಂದಿ ಹೆಂಗಸರು ಎದುರಿಗೇ ಇರುವಾಗ ಎರಡು ದಿನ ಕೂತು ನಿನಗೆ ಕಂಡದ್ದು ಆ ಕೋಳಿ ಮಾತ್ರವಾ ಮಾರಾಯ?"

೫. ಮೊಣಕಾಲಿನ ಆಸ್ಪತ್ರೆ

ಇನ್ನು ಇದನ್ನು ಹೇಳಬಹುದೋ ಬಾರದೋ ಅಂತ ಬಹಳ ದಿನ ಯೋಚಿಸಿದ್ದೆ. ಸಂಬಂಧಪಟ್ಟವರೇ, "ಹೇಳಿ ಅಕ್ಕ, ಊರಿನ ಹೆಸರು ಮಾತ್ರ ಸರಿಯಾಗಿ ಹೇಳ್ಬೇಡಿ" ಅಂದ ಮೇಲೆ ಬರೆಯುತ್ತಿದ್ದೇನೆ. ಆದ್ದರಿಂದ ಅವರು ದೇಲಂಪಾಡಿಯ ಕಡೆಯವರು ಅಂತ ಇಟ್ಟುಕೊಳ್ಳಿ.

ಒಂದು ಬೆಳಿಗ್ಗೆ ಹತ್ತು ಗಂಟೆಗೆ ಆಟೋದಿಂದ ಇಬ್ಬರು ಇಳಿದರು. ಗಂಡಸಿಗೆ ಎಪ್ಪತ್ತು ಇರಬಹುದು, ಇಸ್ತ್ರಿ ಮಾಡಿದ ಬಿಳಿ ಪಂಚೆ. ಹೆಂಗಸಿಗೆ ಅರುವತ್ತೈದು, ತಲೆ ತುಂಬ ಮಲ್ಲಿಗೆ. ಇಬ್ಬರ ನಡುವೆ ಒಂದೇ ಚೀಲ. ಆ ಚೀಲವನ್ನು ಯಾರು ಹಿಡಿಯುವುದು ಅಂತ ಇಬ್ಬರೂ ಎಳೆದಾಡಿ ನಗುತ್ತಿದ್ದರು.

ಗುರುತಿನ ಕಾರ್ಡು ಕೇಳಿದೆ. ಗಂಡಸಿನದ್ದರಲ್ಲಿ ಒಂದು ಮನೆಯ ಹೆಸರು, ಆಕೆಯದ್ದರಲ್ಲಿ ಬೇರೆಯೇ ಮನೆ, ಬೇರೆಯೇ ಊರು.

"ಇವರು ನಿಮಗೆ ಎಂತ ಆಗ್ಬೇಕು?"

"ಮನೆಯವರು" ಅಂದರು ಅವರು.

"ಮನೆ ಬೇರೆ ಬೇರೆ ಉಂಟಲ್ಲ?"

"ಅದು ನನ್ನ ತಂದೆ ಮನೆಯ ವಿಳಾಸ" ಅಂದರು ಆಕೆ. "ಬದಲಿಸ್ಲಿಕ್ಕೆ ಪುರುಸೊತ್ತು ಆಗ್ಲಿಲ್ಲ."

"ಮದುವೆ ಆಗಿ ಎಷ್ಟು ವರ್ಷ ಆಯಿತು?"

"ನಲವತ್ತಮೂರು" ಅಂದರು ಅವರು.

"ನಲವತ್ತನಾಲ್ಕು" ಅಂದರು ಆಕೆ.

ನನಗೆ ಅಷ್ಟೇ ಬೇಕಾಗಿದ್ದದ್ದು. ಸುಣ್ಣದ ಕೋಣೆಯ ಕೀಲಿ ಕೊಟ್ಟು, ನೇರ ಅಡುಗೆಮನೆಗೆ ಬಂದು, "ಇವರು ಗಂಡ ಹೆಂಡತಿ ಅಲ್ಲ" ಅಂದೆ.

ಐಸಮ್ಮ ತಲೆ ಎತ್ತಲಿಲ್ಲ. "ಗಂಡ ಹೆಂಡತಿಯೇ. ಬೇರೆಯವರಾಗಿದ್ರೆ ಇಬ್ಬರೂ ಒಂದೇ ಲೆಕ್ಕ ಹೇಳ್ತಿದ್ರು."

ನಾನು ನಂಬಲಿಲ್ಲ. ಸಾಕ್ಷಿ ಹುಡುಕತೊಡಗಿದೆ. ಇಬ್ಬರೂ ಕೆರೆಯ ಮೆಟ್ಟಿಲಲ್ಲಿ ಕಾಲು ನೀರಿಗೆ ಇಳಿಬಿಟ್ಟು ಕೂತಿದ್ದರು. ಅವರು ಕಿತ್ತಳೆ ಸುಲಿದು ಒಂದೊಂದೇ ಎಸಳು ಆಕೆಗೆ ಕೊಡುತ್ತಿದ್ದರು, ಬೀಜ ತೆಗೆದು. ಕಿಟಕಿಯಿಂದ ನೋಡಿ ಮಾಸ್ಟ್ರನ್ನು ಕರೆದೆ.

"ಮದುವೆಯಾದವರು ಹೀಗೆ ಕೂತದ್ದನ್ನು ನೀವು ಎಲ್ಲಿಯಾದರೂ ನೋಡಿದ್ದುಂಟಾ?"

"ಇಲ್ಲ" ಅಂದರು ಮಾಸ್ಟ್ರು. "ಬಾ, ನಾವೂ ಕೂತು ನೋಡುವ."

"ನೀವು ಸುಮ್ಮನಿರಿ."

ಮಧ್ಯಾಹ್ನ ನಾನು ಅವರ ಕೋಣೆಯ ಹೊರಗಿನ ಕಿಟಕಿಯ ಸರಳು ಒರೆಸುತ್ತಿದ್ದೆ. ಆ ಸರಳುಗಳಲ್ಲಿ ಧೂಳು ಇರಲಿಲ್ಲ ಅನ್ನುವುದು ನಿಜ. ಒಳಗೆ ಫೋನ್ ರಿಂಗಾಯಿತು. ಆಕೆ ಸಣ್ಣ ಸ್ವರದಲ್ಲಿ, "ವಾರ್ಡಿನಲ್ಲಿ ಮಾತಾಡ್ಲಿಕ್ಕೆ ಬಿಡುವುದಿಲ್ಲ ಮಗಾ. ನರ್ಸ್ ಬೈತಾರೆ. ಹೊರಗೆಯೇ ನಿಂತಿದ್ದಾರೆ" ಅಂದರು.

ನಾನು ಸುತ್ತ ನೋಡಿದೆ. ಹೊರಗೆ ನಿಂತಿದ್ದವಳು ನಾನೊಬ್ಬಳೇ.

ನೇರ ಒಳಗೆ ಹೋಗಿ, "ನರ್ಸ್ ಯಾರು? ವಾರ್ಡು ಯಾವುದು? ನೀವಿಬ್ಬರು ನಿಜವಾಗಿ ಯಾರು?" ಅಂತ ಕೇಳಿದೆ. ಆಕೆ ಮೊದಲು ನಕ್ಕರು. ಆಮೇಲೆ ಮಂಚದ ಮೇಲೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ನಮ್ಮ ಮನೆಯಲ್ಲಿ ಹತ್ತೊಂಬತ್ತು ಜನ ಅಕ್ಕ. ಮೂವರು ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಎಲ್ಲರೂ ಒಳ್ಳೆಯವರೇ. ಆದರೆ ಇವರು ಮಲಗುವುದು ಹುಡುಗರ ಜೊತೆ ಚಾವಡಿಯಲ್ಲಿ, ನಾನು ಹುಡುಗಿಯರ ಜೊತೆ ಒಳಗೆ. ಇವರಿಗೆ ಎಂತಾದರೂ ಹೇಳ್ಬೇಕಾದ್ರೆ ಮೊಮ್ಮಗಳ ಹತ್ತಿರ ಹೇಳಿ ಕಳಿಸುವುದು. ನಾವಿಬ್ಬರೇ ಕೂತು ಒಂದು ಚಾ ಕುಡಿದದ್ದು ಯಾವಾಗ ಅಂತ ಮೊನ್ನೆ ನೆನಪು ಮಾಡ್ಲಿಕ್ಕೆ ನೋಡಿದೆವು. ಇಬ್ಬರಿಗೂ ನೆನಪಾಗ್ಲಿಲ್ಲ."

"ನಾಲ್ಕು ದಿನ ಎಲ್ಲಿಗಾದರೂ ಹೋಗ್ತೇವೆ ಅಂತ ಹೇಳಬಹುದಿತ್ತಲ್ಲ?"

"ಹೇಳಿದರೆ ಎರಡು ವ್ಯಾನು ಮಾಡಿ ಎಲ್ಲರೂ ಹೊರಡ್ತಾರೆ" ಅಂದರು ಬದಿಯಲ್ಲಿ ಕೂತಿದ್ದ ಗಂಡ. "ಅದಕ್ಕೇ ನನ್ನ ಮೊಣಕಾಲು ಅಂತ ಹೇಳಿದ್ದು. ಮಂಗಳೂರಿನಲ್ಲಿ ನಾಲ್ಕು ದಿನ ಅಡ್ಮಿಟ್, ಜೊತೆಗೆ ರೋಗಿಯನ್ನು ನೋಡಿಕೊಳ್ಳುವ ಬೈಸ್ಟ್ಯಾಂಡರ್ ಒಬ್ಬರಿಗೆ ಮಾತ್ರ ಬಿಡುವುದು ಅಂತ."

ಮೂವತ್ತೊಂದು ವರ್ಷದಲ್ಲಿ ಎಷ್ಟೋ ಸುಳ್ಳು ಕೇಳಿದ್ದೇನೆ. ಇಷ್ಟು ಅಚ್ಚುಕಟ್ಟಾದ ಸುಳ್ಳಿಗೆ ಸಹಿ ಹಾಕದೆ ಇರಲು ನನಗೆ ಮನಸ್ಸಾಗಲಿಲ್ಲ. ಆದರೆ ತೊಂದರೆ ಬೇರೆ ಇತ್ತು. ದುಬೈಯಲ್ಲಿರುವ ಹಿರಿಯ ಮಗ ಸಂಜೆ ವಿಡಿಯೋ ಕಾಲ್ ಮಾಡುತ್ತಾನಂತೆ. ಅಪ್ಪನನ್ನು ನೋಡಬೇಕಂತೆ, ಡಾಕ್ಟರ ಹತ್ತಿರವೂ ಮಾತಾಡಬೇಕಂತೆ.

ಮಾಸ್ಟ್ರಿಗೆ ವಿಷಯ ಗೊತ್ತಾದದ್ದೇ ತಡ, ಅಜ್ಜನ ರಕ್ತ ಎದ್ದು ಕುಣಿಯಿತು. ಸುಣ್ಣದ ಗೋಡೆ ಆಸ್ಪತ್ರೆಗೆ ಹೇಳಿ ಮಾಡಿಸಿದ ಹಾಗೆ ಇತ್ತು. ಕಿಟಕಿಗೆ ಅಡ್ಡವಾಗಿ ಹಗ್ಗ ಕಟ್ಟಿ ಹಸಿರು ಬೆಡ್‌ಶೀಟು ಇಳಿಬಿಟ್ಟರು. ಮಂಚಕ್ಕೆ ಬಿಳಿ ಹೊದಿಕೆ. ರೋಗಿಯ ಎಡ ಮೊಣಕಾಲಿಗೆ ದಪ್ಪಕ್ಕೆ ಪಟ್ಟಿ ಸುತ್ತಿದರು. ಕೊನೆಗೆ ಕೊಡೆಯ ಕೋಲಿಗೆ ಒಂದು ನೀರಿನ ಬಾಟ್ಲಿಯನ್ನು ತಲೆಕೆಳಗೆ ಕಟ್ಟಿ, ಅದರಿಂದ ಒಂದು ಸಣ್ಣ ಪೈಪು ಇಳಿಸಿದರು.

"ಮೊಣಕಾಲಿಗೆ ಗ್ಲುಕೋಸ್ ಯಾಕೆ?" ಅಂತ ಕೇಳಿದೆ.

"ನೋಡ್ಲಿಕ್ಕೆ ಚಂದ ಉಂಟು."

ಐಸಮ್ಮನನ್ನು ನರ್ಸ್ ಆಗು ಅಂದರೆ ಒಪ್ಪಲಿಲ್ಲ. "ಈ ಪ್ರಾಯದಲ್ಲಿ ನರ್ಸಾ? ಹೆಡ್ ನರ್ಸ್ ಆದ್ರೆ ಮಾಡ್ತೇನೆ" ಅಂದಳು. ಡಾಕ್ಟರು ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಮಾಸ್ಟ್ರ ಬಿಳಿ ಅಂಗಿ ತೊಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನಿಂತೆ.

ಸಂಜೆಯ ಕಾಲ್ ಚೆನ್ನಾಗಿಯೇ ಹೋಯಿತು. "ಅಪ್ಪನಿಗೆ ಹೇಗುಂಟು ಡಾಕ್ಟರೇ?" ಅಂತ ಮಗ ಕೇಳಿದ. "ಊತ ಕಡಿಮೆ ಆಗಿದೆ. ಫೈಲು ನೋಡಿ ತೀರ್ಮಾನ ಹೇಳ್ತೇವೆ" ಅಂದೆ. ಡಾಕ್ಟರು ಹಾಗೆ ಹೇಳುತ್ತಾರೋ ಇಲ್ಲವೋ, ನನ್ನ ಬಾಯಿಗೆ ಬರುವುದು ಅದೇ. ಅವನು ನಂಬಿದ.

ಕೆಟ್ಟದ್ದು ಮರುದಿನ ಬೆಳಿಗ್ಗೆ. ಇಬ್ಬರೂ ಆರಾಮವಾಗಿ ಮೆಟ್ಟಿಲಲ್ಲಿ ಚಾ ಕುಡಿಯುತ್ತಿದ್ದರು. ಹೇಳದೆ ಕೇಳದೆ ಮಗನ ವಿಡಿಯೋ ಕಾಲ್ ಬಂತು. ಮೊಣಕಾಲಿನ ರೋಗಿ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಓಡಿ ಬಂದು ಮಂಚಕ್ಕೆ ಬಿದ್ದರು. ನಾನು ಅಂಗಿ ತೊಟ್ಟೆ, ಮಾಸ್ಟ್ರು ಪಟ್ಟಿ ಸುತ್ತಿದರು, ಐಸಮ್ಮ ಕೊಡೆಯ ಕೋಲು ಹಿಡಿದು ನಿಂತಳು. ಆಕೆ ಉಸಿರು ಹಿಡಿದು ಫೋನ್ ಎತ್ತಿದರು.

"ಅಪ್ಪನಿಗೆ ಯಾಕೆ ಇಷ್ಟು ಏದುಸಿರು?" ಅಂತ ಮಗ ಕೇಳಿದ.

"ವ್ಯಾಯಾಮ ಮಾಡಿಸಿದೆವು" ಅಂದೆ.

ಅಷ್ಟರಲ್ಲಿ ರಸ್ತೆಯಲ್ಲಿ ಪೋಂ ಪೋಂ ಅಂತ ಮೀನಿನವನ ಹಾರ್ನು ಕೇಳಿತು. ಹೆಡ್ ನರ್ಸ್ ಕಿವಿ ನಿಮಿರಿತು. "ಬೂತಾಯಿ ಬಂತು!" ಅಂತ ಗ್ಲುಕೋಸನ್ನು ರೋಗಿಯ ಎದೆಯ ಮೇಲೆ ಬಿಟ್ಟು, ಫೋನಿನ ಎದುರಿನಿಂದಲೇ ಪಾತ್ರೆ ಹಿಡಿದು ಓಡಿದಳು. ಅವಳು ಓಡಿದ ರಭಸಕ್ಕೆ ಹಗ್ಗ ಕಳಚಿ ಹಸಿರು ಬೆಡ್‌ಶೀಟು ಕೆಳಗೆ ಬಿತ್ತು. ಹಿಂದಿನ ಕಿಟಕಿಯಲ್ಲಿ ಬೆಳಗಿನ ಬಿಸಿಲಿಗೆ ಹೊಳೆಯುವ ಇಡೀ ಕೆರೆ, ಮೆಟ್ಟಿಲು, ಮೆಟ್ಟಿಲಲ್ಲಿ ಹಬೆಯಾಡುವ ಎರಡು ಲೋಟ.

ಮಗ ಕಣ್ಣು ಕಿರಿದು ಮಾಡಿ ನೋಡಿದ.

"ಡಾಕ್ಟರೇ" ಅಂದ. "ನಿನ್ನೆ ಅಪ್ಪನ ಪಟ್ಟಿ ಎಡಗಾಲಿನಲ್ಲಿ ಇತ್ತು."

"ಹೌದು."

"ಇವತ್ತು ಬಲಗಾಲಿನಲ್ಲಿ ಉಂಟು."

ನಾನು ಮಾಸ್ಟ್ರನ್ನು ನೋಡಿದೆ. ಮಾಸ್ಟ್ರು ಮಾಡು ನೋಡಿದರು. "ಎಡಗಾಲು ಗುಣ ಆಯಿತು" ಅಂದೆ. "ಇದು ಮುಂಜಾಗ್ರತೆಗೆ."

ಆಕೆಗೆ ಇನ್ನು ತಡೆಯಲಾಗಲಿಲ್ಲ. "ಬೈಬೇಡ ಮಗಾ" ಅಂತ ಶುರುಮಾಡಿ ಎಲ್ಲವನ್ನೂ ಹೇಳಿಬಿಟ್ಟರು. ಚಾವಡಿ, ಮೊಮ್ಮಗಳು, ಕಿತ್ತಳೆ, ಚಾ, ಎಲ್ಲ. ರೋಗಿ ಮಾತ್ರ ಗ್ಲುಕೋಸ್ ಬಾಟ್ಲಿಯನ್ನು ಅಪ್ಪಿಕೊಂಡು ಕಣ್ಣು ಮುಚ್ಚಿ ಮಲಗಿದ್ದರು, ಅಪರಾಧಿಯ ಹಾಗೆ. ಇನ್ನು ಅವನು ಮನೆಗೆ ಫೋನ್ ಮಾಡುತ್ತಾನೆ, ಎರಡು ವ್ಯಾನು ಇಲ್ಲಿಗೇ ಬರುತ್ತದೆ ಅಂತ ನಾನು ಲೆಕ್ಕ ಹಾಕುತ್ತಿದ್ದೆ.

ಮಗ ಎದ್ದು ಹೋಗಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಬಂದ. ಮುಖವನ್ನು ಫೋನಿಗೆ ಹತ್ತಿರ ತಂದು ಸ್ವರ ತಗ್ಗಿಸಿದ.

"ಡಾಕ್ಟರೇ, ಮುಂದಿನ ತಿಂಗಳು ನಾನು ರಜೆಯಲ್ಲಿ ಊರಿಗೆ ಬರ್ತೇನೆ. ನನ್ನ ಹೆಂಡತಿಗೂ ಮೊಣಕಾಲು ನೋವು ಶುರುವಾಗ್ಲಿಕ್ಕೆ ಉಂಟು. ಒಂದು ವಾರಕ್ಕೆ ಬೆಡ್ ಬರೆದುಕೊಳ್ಳಿ. ಬೈಸ್ಟ್ಯಾಂಡರ್ ನಾನೇ."